100 ಗಿರಿರಾಜ ಮರಿ, 25 ನಾಟಿ ಕೋಳಿ: ಮಳೆಗಾಲಕ್ಕೆ ಮೊದಲು ಕೊಕ್ಕರೆ ರೋಗದ ಲಸಿಕೆ ಮುಗಿಸುವುದು ಹೇಗೆ?

ಏಲಕ್ಕಿಮಲೆ (ಸೋಮವಾರಪೇಟೆ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೊದಲ ವಾರ ಒಂದು ದಿನದ 100 ಗಿರಿರಾಜ ಮರಿ ಬರಲಿವೆ. ತೋಟದ ಮನೆಯಲ್ಲಿ ಈಗಾಗಲೇ 25 ನಾಟಿ ಕೋಳಿಗಳಿವೆ, ಅವಕ್ಕೆ ಇದುವರೆಗೆ ಯಾವ ಲಸಿಕೆಯೂ ಬಿದ್ದಿಲ್ಲ. ಮಳೆ ಹಿಡಿಯುವ ಮೊದಲು ಲಸಿಕೆಯ ಕೆಲಸವೆಲ್ಲ ಮುಗಿಯಬೇಕು ಅನ್ನುವುದು ನನ್ನ ಲೆಕ್ಕ. ತಿಳಿದವರು ಇವಿಷ್ಟನ್ನು ಬಿಡಿಸಿ ಹೇಳಬೇಕು.

ಕಣ್ಣಿಗೆ ಹನಿ ಹಾಕುವುದು ಒಳ್ಳೆಯದೋ, ಕುಡಿಯುವ ನೀರಿನಲ್ಲಿ ಕೊಡುವುದೋ? ನಮ್ಮ ಕಡೆ ಲಸಿಕೆ ಹಾಕಿಸಿದ ಹಿಂಡುಗಳಲ್ಲೂ ಕತ್ತು ತಿರುಚಿಕೊಂಡು ಕೋಳಿ ಸಾಯುವುದನ್ನು ನೋಡಿದವರಿದ್ದಾರೆ. "ಹಾಕಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ" ಎಂಬ ಮಾತು ಅದರಿಂದಲೇ ಹುಟ್ಟಿದ್ದು. ಹಾಗೆ ಆಗುವುದಕ್ಕೆ ಕಾರಣ ಏನು? ಮರಿಗಳಿಗೆ ಹಾಕಿದ ಲಸಿಕೆಯಿಂದ ನಾಟಿ ಕೋಳಿಗಳಿಗೆ ತೊಂದರೆ ಆಗುತ್ತದಾ? ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ಲಸಿಕೆಯನ್ನು ಇಡುವುದು ಹೇಗೆ? ಕೊನೆಯದಾಗಿ, ಈ ಲಸಿಕೆ ಕೋಳಿಯ ಮೈಯೊಳಗೆ ಏನು ಮಾಡುತ್ತದೆ ಅಂತಲೂ ತಿಳಿಯುವ ಆಸೆ.

ಕಾವುಗೂಡು (ವಿರಾಜಪೇಟೆ):

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ಅಣ್ಣ. ಅದು ಗೊತ್ತಾದರೆ ಉಳಿದ ದಿನ, ಹನಿ, ನೀರಿನ ಲೆಕ್ಕವೆಲ್ಲ ತಾನಾಗಿ ಅರ್ಥವಾಗುತ್ತದೆ.

ಕೊಕ್ಕರೆ ರೋಗ ಅಂದರೆ ರಾಣಿಖೇತ್. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಗುರುತಿಸಿದ ರೋಗ ಇದು. ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ, ಆ ಊರಿನ ಹೆಸರೇ ಉಳಿಯಿತು. ಈ ವೈರಸ್ಸಿನ ಹೊರಮೈಯಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ಒಂದು ಕೋಳಿಯ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದು ಕೋಶದೊಳಗೆ ನುಗ್ಗಲು ದಾರಿ ಮಾಡುತ್ತದೆ. ಈ ನುಗ್ಗುವ ಪ್ರೋಟೀನನ್ನು ಕೋಳಿಯದೇ ಒಂದು ಕಿಣ್ವ ಕತ್ತರಿಸಿಕೊಟ್ಟರೆ ಮಾತ್ರ ಅದು ಕೆಲಸಕ್ಕೆ ಬರುವುದು. ಮಾರಕ ತಳಿಯ ಪ್ರೋಟೀನನ್ನು ಕತ್ತರಿಸುವ ಕಿಣ್ವ ಮೈಯ ಎಲ್ಲ ಭಾಗದಲ್ಲೂ ಇರುತ್ತದೆ. ಹಾಗಾಗಿ ಅದು ಕರುಳು, ಗುಲ್ಮ, ಮಿದುಳು ಅಂತ ಎಲ್ಲೆಡೆ ಹಬ್ಬಿ ಕೊಲ್ಲುತ್ತದೆ. ಲಸಿಕೆಗೆ ಬಳಸುವ ಎಫ್1, ಲಸೋಟಾದಂಥ ಸೌಮ್ಯ ತಳಿಗಳದ್ದನ್ನು ಕತ್ತರಿಸುವ ಕಿಣ್ವ ಇರುವುದು ಶ್ವಾಸನಾಳ ಮತ್ತು ಕರುಳಿನ ಒಳಪದರದಲ್ಲಿ ಮಾತ್ರ. ಲಸಿಕೆಯ ವೈರಸ್ಸು ಅಲ್ಲಿ ಕೆಲವು ದಿನ ಬೆಳೆದು, ಮುಂದೆ ಹೋಗಲಾರದೆ ನಿಲ್ಲುತ್ತದೆ. ಅಷ್ಟರಲ್ಲಿ ಕೋಳಿಯ ಮೈ ಆ ಎರಡೂ ಪ್ರೋಟೀನುಗಳನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳನ್ನು ಮಾಡಿಕೊಂಡಿರುತ್ತದೆ. ಮುಂದೆ ಮಾರಕ ವೈರಸ್ಸು ಬಂದರೂ ಅದಕ್ಕೆ ಅಂಟಲೂ ಆಗುವುದಿಲ್ಲ, ನುಗ್ಗಲೂ ಆಗುವುದಿಲ್ಲ.

ಇದರಿಂದ ಮೂರು ಮಾತು ಹೊರಡುತ್ತವೆ. ಬಾಟಲಿಯಲ್ಲಿರುವುದು ಜೀವಂತ ವೈರಸ್ಸು, ಅದು ಕೋಳಿಯ ಮೈ ಸೇರುವವರೆಗೆ ಬದುಕಿರಬೇಕು. ಹಾಕಿದ ದಿನವೇ ರಕ್ಷಣೆ ಸಿಗುವುದಿಲ್ಲ, 7ರಿಂದ 14 ದಿನ ಬೇಕು. ಮತ್ತೆ, ಲಸಿಕೆ ರೋಗವನ್ನು ತಡೆಯುತ್ತದೆಯೇ ಹೊರತು ವೈರಸ್ಸು ಮೈಗೆ ತಾಗುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಬಿದ್ದ ಕೋಳಿ ಗಟ್ಟಿಮುಟ್ಟಾಗಿದ್ದುಕೊಂಡೇ ಸ್ವಲ್ಪ ಪ್ರಮಾಣದಲ್ಲಿ ವೈರಸ್ಸನ್ನು ಹಿಕ್ಕೆಯಲ್ಲಿ ಹೊರಹಾಕಬಹುದು. ಹಿಂಡಿನಲ್ಲಿ ಅರ್ಧಕ್ಕೆ ಹಾಕಿ ಅರ್ಧ ಬಿಟ್ಟರೆ, ಬಿಟ್ಟವು ಸಾಯುವುದು ಇದರಿಂದಲೇ. ನಿಮ್ಮ 25 ನಾಟಿ ಕೋಳಿಗಳಿಗೂ ಹಾಕಲೇಬೇಕು.

ಇನ್ನು ತಾಯಿಯಿಂದ ಬಂದ ರಕ್ಷಣೆಯ ವಿಷಯ. ತಾಯಿಕೋಳಿಗೆ ಲಸಿಕೆ ಬಿದ್ದಿದ್ದರೆ ಅದರ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬರುತ್ತದೆ. ಅದು ಸುಮಾರು 4–5 ದಿನಕ್ಕೊಮ್ಮೆ ಅರ್ಧದಷ್ಟು ಇಳಿಯುತ್ತಾ ಹೋಗಿ ಮೂರು ವಾರದ ಹೊತ್ತಿಗೆ ಬಹುತೇಕ ಖಾಲಿ. ಅದು ಇರುವಷ್ಟು ದಿನ ಮರಿಯನ್ನೂ ಕಾಯುತ್ತದೆ, ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತದೆ. ಹಾಗಾದರೆ 6ನೇ ದಿನಕ್ಕೇ ಯಾಕೆ ಹಾಕಬೇಕು ಅಂತ ಕೇಳಬಹುದು. ಕಣ್ಣಿಗೆ ಬಿದ್ದ ಹನಿ ಕಣ್ಣಿನ ಹಿಂದಿರುವ ಗ್ರಂಥಿಗೂ ಮೂಗಿನ ದಾರಿಯ ಒಳಪದರಕ್ಕೂ ಸೇರಿ, ರಕ್ತದಲ್ಲಿರುವ ತಾಯಿಯ ಪ್ರತಿಕಾಯವನ್ನು ತಪ್ಪಿಸಿಕೊಂಡು, ಅಲ್ಲೇ ಸ್ಥಳೀಯವಾಗಿ ಪ್ರತಿರೋಧ ಕಟ್ಟುತ್ತದೆ. ಅದಕ್ಕಾಗಿಯೇ ಮೊದಲ ಸಲ ಕಣ್ಣಿಗೇ ಹಾಕಬೇಕು. ನೀರಿನಲ್ಲಿ ಕೊಟ್ಟರೆ ಈ ಲಾಭದಲ್ಲಿ ಬಹುಪಾಲು ತಪ್ಪಿಹೋಗುತ್ತದೆ.

ನಿಮ್ಮ ಮರಿಗಳಿಗೆ ನಾನು ಹೇಳುವ ದಿನಗಳಿವು. ಮೊಟ್ಟೆಯೊಡೆದ ದಿನವೇ ಮಾರೆಕ್ಸ್ (ಕೋಳಿಗೆ ಗಡ್ಡೆ ಏಳಿಸಿ ಕಾಲು ಬೀಳಿಸುವ ಇನ್ನೊಂದು ವೈರಸ್ ರೋಗ) ಲಸಿಕೆ ಬಿದ್ದಿರಬೇಕು. ಅದನ್ನು ಹ್ಯಾಚರಿಯವರೇ ಕತ್ತಿನ ಚರ್ಮದಡಿ 0.2 ಮಿ.ಲೀ. ಹಾಕಿ ಕಳಿಸುತ್ತಾರೆ, ಮರಿ ತರುವಾಗ ಕೇಳಿ ಖಾತ್ರಿ ಮಾಡಿಕೊಳ್ಳಿ. 6ನೇ ದಿನ ಎಫ್1 ಕಣ್ಣಿಗೆ. 14ನೇ ದಿನ ಗಂಬೋರೋ (ಇದೂ ಮರಿಗಳ ಬೇರೊಂದು ವೈರಸ್ ರೋಗ), ಮತ್ತೆ 24ನೇ ದಿನ ಗಂಬೋರೋ. 32ನೇ ದಿನ ಲಸೋಟಾ. ಏಳನೇ ವಾರ ಸಿಡುಬಿನ ಲಸಿಕೆ. ಒಂಬತ್ತನೇ ವಾರ ಆರ್2ಬಿ ಚುಚ್ಚುಮದ್ದು, ಇದೂ ಕೊಕ್ಕರೆ ರೋಗದ್ದೇ ಲಸಿಕೆ. ಏಪ್ರಿಲ್ ಮೊದಲ ವಾರ ಬಂದ ಮರಿಗಳಿಗೆ ಜೂನ್ ಮೊದಲ ವಾರಕ್ಕೆ ಎಲ್ಲ ಮುಗಿಯುತ್ತದೆ. ಮಳೆ ಜೋರಾಗುವ ಹೊತ್ತಿಗೆ ಸರಿಹೋಗುತ್ತದೆ, ಆದರೆ ಒಂದು ವಾರ ಹಿಂದೆ ಮುಂದೆ ಆಗಲು ಅವಕಾಶ ಕಡಿಮೆ.

ಕಣ್ಣಿಗೆ ಹಾಕುವ ರೀತಿ: ಒಂದು ಹನಿ ಅಂದರೆ 0.03 ಮಿ.ಲೀ. ಅಂದಮೇಲೆ 100 ಡೋಸಿನ ಬಾಟಲಿಗೆ 3 ಮಿ.ಲೀ. ದ್ರಾವಣ (ಲಸಿಕೆಯ ಒಣಪುಡಿಯನ್ನು ಕಲೆಸುವ ನೀರು) ಸಾಕಾಗಬೇಕು. ಲಸಿಕೆ ಕಲೆಸುವ ಮೊದಲು ನಿಮ್ಮ ಡ್ರಾಪರಿನಲ್ಲಿ 1 ಮಿ.ಲೀ. ಬರೀ ನೀರು ಎಳೆದು ಹನಿ ಎಣಿಸಿ, 30–33 ಬಂದರೆ ಸರಿ. 20 ಹನಿಯೇ ಬಂದರೆ ಹನಿ ದಪ್ಪವಾಯಿತು, ಕೊನೆಯ ಮರಿಗಳಿಗೆ ಲಸಿಕೆ ಉಳಿಯುವುದಿಲ್ಲ. ತಣ್ಣಗಿನ ದ್ರಾವಣವನ್ನು ಸಿರಿಂಜಿನಿಂದ ಬಾಟಲಿಯ ರಬ್ಬರ್ ಮುಚ್ಚಳದ ಮೂಲಕ ಬಿಟ್ಟಾಗ ಅದು ತಾನಾಗಿ ಒಳಕ್ಕೆ ಎಳೆದುಕೊಳ್ಳಬೇಕು, ಯಾಕೆಂದರೆ ಒಳಗೆ ನಿರ್ವಾತ ಇರುತ್ತದೆ. ಎಳೆದುಕೊಳ್ಳದಿದ್ದರೆ ಗಾಳಿ ಹೊಕ್ಕಿದೆ ಅಂತ ಅರ್ಥ, ಆ ಬಾಟಲಿಯನ್ನು ನಂಬಬೇಡಿ. ಕುಲುಕಿ ನೊರೆ ಎಬ್ಬಿಸದೆ ಮೆಲ್ಲಗೆ ತಿರುಗಿಸಿ ಕರಗಿಸಿ.

ಮರಿಯನ್ನು ಒಂದು ಕೈಯಲ್ಲಿ ಹಿಡಿದು ತಲೆಯನ್ನು ಪಕ್ಕಕ್ಕೆ ವಾಲಿಸಿ. ಡ್ರಾಪರ್ ನೆಟ್ಟಗಿರಲಿ, ತುದಿ ಕಣ್ಣಿಗೆ ತಾಗಬಾರದು. ಹನಿ ಬಿದ್ದಮೇಲೆ ಮರಿ ಕಣ್ಣು ಮಿಟುಕಿಸಿ ಅದನ್ನು ಒಳಗೆ ಎಳೆದುಕೊಳ್ಳುವವರೆಗೆ ಬಿಡಬೇಡಿ, ಎರಡು ಮೂರು ಸೆಕೆಂಡು ಸಾಕು. ಅವಸರದಲ್ಲಿ ಬಿಟ್ಟರೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಜಾರಿ ಹೋಗುತ್ತದೆ. ಹಾಕಿದವನ್ನು ಬೇರೆ ಬುಟ್ಟಿಗೆ ಬಿಡುತ್ತಾ ಹೋಗಿ, ಒಂದೂ ತಪ್ಪಬಾರದು. ಇಬ್ಬರಿದ್ದರೆ 100 ಮರಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಕಲೆಸಿದ ಲಸಿಕೆಯ ಆಯುಷ್ಯವೂ ಅಷ್ಟೇ, ಹೆಚ್ಚೆಂದರೆ ಎರಡು ಗಂಟೆ, ಅದೂ ಐಸ್ ಮೇಲಿಟ್ಟರೆ.

ತೋಡುಗದ್ದೆ (ಗೋಣಿಕೊಪ್ಪ):

ಕಾವುಗೂಡು ಅವರು ಹೇಳಿದ್ದೆಲ್ಲ ಸರಿ. 32ನೇ ದಿನದ ಲಸೋಟಾವನ್ನು ಎಲ್ಲರೂ ನೀರಿನಲ್ಲೇ ಕೊಡುತ್ತಾರಾದ್ದರಿಂದ ಅದನ್ನು ಬಿಡಿಸಿ ಬರೆಯುತ್ತೇನೆ. ಲಸಿಕೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ನನ್ನ ಅಭಿಪ್ರಾಯ ಕೇಳಿದರೆ, 100 ಕೋಳಿಗೆ ಇದನ್ನೂ ಕಣ್ಣಿಗೇ ಹಾಕಿ. 500 ದಾಟಿದರೆ ಮಾತ್ರ ನೀರಿನ ಯೋಚನೆ ಮಾಡಬಹುದು.

ನೀರಿನಲ್ಲಿ ಕೊಡುವುದೇ ಆದರೆ ಮೊದಲ ಶತ್ರು ಕ್ಲೋರಿನ್. ಪಂಚಾಯಿತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದರಲ್ಲಿ ವೈರಸ್ಸು ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಬ್ಲೀಚಿಂಗ್ ಬೀಳದ ಬಾವಿ ಅಥವಾ ಒರತೆಯ ತಿಳಿನೀರು ಒಳ್ಳೆಯದು. ನಲ್ಲಿ ನೀರೇ ಗತಿಯಾದರೆ ಹಿಂದಿನ ದಿನವೇ ಅಗಲ ಬಕೆಟಿನಲ್ಲಿ ಹಿಡಿದು ತೆರೆದಿಡಿ. ಎರಡಕ್ಕೂ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ, ಲೀಟರಿಗೆ 2.5 ಗ್ರಾಂ. ಪುಡಿ ಕರಗಿಸಿ 20–30 ನಿಮಿಷ ಬಿಟ್ಟು ಆಮೇಲೆ ಲಸಿಕೆ. ಹಾಲಿನ ಪ್ರೋಟೀನು ಉಳಿದ ಕ್ಲೋರಿನನ್ನು ಹಿಡಿದುಕೊಳ್ಳುತ್ತದೆ, ವೈರಸ್ಸಿಗೂ ಆಸರೆಯಾಗುತ್ತದೆ. ಕೆನೆಹಾಲು ಬೇಡ, ಕೊಬ್ಬು ಪೈಪು ಮತ್ತು ಪಾತ್ರೆಯ ಗೋಡೆಗೆ ಅಂಟುತ್ತದೆ.

ನೀರೆಷ್ಟು? 1000 ಕೋಳಿಗೆ ವಯಸ್ಸು ಎಷ್ಟು ದಿನವೋ ಅಷ್ಟು ಲೀಟರ್ ಅನ್ನುವುದು ರೂಢಿಯ ಲೆಕ್ಕ. 32 ದಿನದ 100 ಕೋಳಿಗೆ 3.2 ಲೀಟರ್, ಅದಕ್ಕೆ 8 ಗ್ರಾಂ ಹಾಲಿನ ಪುಡಿ. ಹಿಂದಿನ ದಿನ ಅದೇ ಹೊತ್ತಿನಲ್ಲಿ ಎರಡು ಗಂಟೆಯಲ್ಲಿ ಎಷ್ಟು ಕುಡಿಯುತ್ತವೆ ಅಂತ ಅಳೆದುಕೊಂಡರೆ ಇನ್ನೂ ಖಚಿತ. ನಮ್ಮ ಕಡೆ ಮೋಡ ಮುಸುಕಿ ಚಳಿ ಇದ್ದರೆ ಕೋಳಿ ನೀರು ಕುಡಿಯುವುದೇ ಕಡಿಮೆ. ಬಯಲುಸೀಮೆಯಲ್ಲಿ ಒಂದು ಗಂಟೆ ನೀರು ತಡೆದರೆ ಸಾಕು, ಇಲ್ಲಿ ಅಂಥ ದಿನ ಎರಡರಿಂದ ಮೂರು ಗಂಟೆ ತಡೆಯಬೇಕಾಗುತ್ತದೆ. ಬೆಳಗ್ಗೆ ಮೇವು ಹಾಕುವ ಹೊತ್ತಿಗೇ ಲಸಿಕೆ ನೀರು ಇಟ್ಟರೆ ಚೆನ್ನಾಗಿ ಕುಡಿಯುತ್ತವೆ.

ಪ್ಲಾಸ್ಟಿಕ್ ಪಾತ್ರೆಯೇ ಇರಲಿ, ತುಕ್ಕು ಹಿಡಿದ ತಗಡಿನದು ಬೇಡ. ಹಿಂದಿನ ದಿನ ಬರೀ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು, ಫಿನಾಯಿಲ್ ಯಾವುದೂ ಸೋಕಬಾರದು. ನೀರಿನ ಪಾತ್ರೆಗಳು ಸಾಕಷ್ಟಿರಬೇಕು, ಮೂರರಲ್ಲಿ ಎರಡು ಪಾಲು ಕೋಳಿಗಳಾದರೂ ಒಟ್ಟಿಗೆ ಕುಡಿಯುವಂತಿರಬೇಕು. ಇಲ್ಲದಿದ್ದರೆ ಬಲಿಷ್ಠ ಹುಂಜಗಳು ಎರಡು ಪಾಲು ಕುಡಿದು, ಪುಕ್ಕಲು ಹೇಟೆಗಳಿಗೆ ಏನೂ ಸಿಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಮೆಲ್ಲಗೆ ನಡೆದಾಡಿ ಎಬ್ಬಿಸಿ. ಒಂದರಿಂದ ಎರಡು ಗಂಟೆಯೊಳಗೆ ಪಾತ್ರೆ ಖಾಲಿಯಾಗಬೇಕು. ಹದಿನೈದು ನಿಮಿಷದಲ್ಲೇ ಖಾಲಿಯಾದರೂ ಕೆಲಸ ಕೆಟ್ಟಿತು, ಎಷ್ಟೋ ಕೋಳಿಗಳಿಗೆ ಸಿಕ್ಕಿರುವುದಿಲ್ಲ. ಲಸಿಕೆಯ ಹಿಂದಿನ ದಿನ, ಆ ದಿನ, ಮರುದಿನ ನೀರಿಗೆ ಯಾವ ಸ್ಯಾನಿಟೈಸರನ್ನೂ ಹಾಕಬೇಡಿ.

6ನೇ ದಿನಕ್ಕೇ ಲಸೋಟಾ ಯಾಕಾಗಬಾರದು ಅಂತ ಹಲವರು ಕೇಳುತ್ತಾರೆ. ಲಸೋಟಾ ಎಫ್1ಗಿಂತ ಒಂದು ಕೈ ಖಾರ. ಎಳೆಮರಿಗೆ ಮೊದಲ ಲಸಿಕೆಯಾಗಿ ಕೊಟ್ಟರೆ ಶೀತ, ಸೀನು, ಗೊರಗೊರ ಹೆಚ್ಚು. ನಮ್ಮ ಚಳಿಯಲ್ಲಿ ಅದರ ಹಿಂದೆಯೇ ಬ್ಯಾಕ್ಟೀರಿಯಾ ಸೋಂಕು ಬರುತ್ತದೆ. ಮರಿಗಳಿಗೆ ಕಾವು ಕೊಡುವ ಬ್ರೂಡರಿನಲ್ಲಿ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ನಡುಗುವ ಮರಿಗೆ ಯಾವ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ.

ಏಲಕ್ಕಿಮಲೆ:

ತುಂಬ ಉಪಕಾರವಾಯಿತು. ಇನ್ನೆರಡು ಸಂಶಯ. ಗಂಬೋರೋ ನಮ್ಮ ಕಡೆ ಅಷ್ಟಾಗಿ ಕೇಳಿಲ್ಲ, ಎರಡೆರಡು ಸಲ ಯಾಕೆ? ಆರ್2ಬಿ ಗಟ್ಟಿ ಲಸಿಕೆ ಅನ್ನುತ್ತಾರಲ್ಲ, ದೊಡ್ಡ ನಾಟಿ ಕೋಳಿಗಳಿಗೆ ನೇರವಾಗಿ ಅದನ್ನೇ ಚುಚ್ಚಿಸಿಬಿಟ್ಟರೆ ಆಗದಾ? ಅವುಗಳಲ್ಲಿ ಏಳೆಂಟು ಮೊಟ್ಟೆ ಇಡುತ್ತಿವೆ.

ಬೆಳ್ಳಿಪುಕ್ಕ (ಮಡಿಕೇರಿ):

ನೇರವಾಗಿ ಆರ್2ಬಿ ಬೇಡವೇ ಬೇಡ. ಹಿಮಾಲಯದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿದ ಮಧ್ಯಮ ತೀಕ್ಷ್ಣತೆಯ ತಳಿ ಅದು. ಮೊದಲು ಎಫ್1 ಅಥವಾ ಲಸೋಟಾ ಬಿದ್ದ ಕೋಳಿಗೆ ಅದು ಗಟ್ಟಿಯಾದ, ದೀರ್ಘಕಾಲದ ರಕ್ಷಣೆ ಕೊಡುತ್ತದೆ. ಏನೂ ಬೀಳದ ಕೋಳಿಗೆ, ಅದರಲ್ಲೂ ಎಳೆಯದಕ್ಕೆ ಚುಚ್ಚಿದರೆ ಕಾಲು ರೆಕ್ಕೆ ಬಿದ್ದುಹೋಗಿ ಸಾಯಬಹುದು. ಮೊಟ್ಟೆ ಇಡುವ ಹೇಟೆಗೆ ಚುಚ್ಚಿದರೆ ಮೊಟ್ಟೆ ಥಟ್ಟನೆ ನಿಲ್ಲುತ್ತದೆ.

ನಿಮ್ಮ ನಾಟಿ ಕೋಳಿಗಳಿಗೆ ಹೀಗೆ ಮಾಡಿ: ಮರಿಗಳು ಬರುವ ಒಂದು ತಿಂಗಳ ಮೊದಲೇ ಜಂತುಹುಳಕ್ಕೆ ಔಷಧಿ ಕೊಡಿ. ಹೊಟ್ಟೆತುಂಬ ಹುಳ ಇರುವ ಕೋಳಿಯಲ್ಲಿ ಪ್ರತಿಕಾಯ ಏಳುವುದೇ ಕಷ್ಟ. ಅದಾಗಿ ಒಂದು ವಾರಕ್ಕೆ ಎಲ್ಲಕ್ಕೂ ಲಸೋಟಾ ಕಣ್ಣಿಗೆ ಒಂದೊಂದು ಹನಿ. ರಾತ್ರಿ ಗೂಡಿಗೆ ಸೇರಿದಮೇಲೆ ಹಿಡಿದರೆ ಒಂದೂ ತಪ್ಪುವುದಿಲ್ಲ, ಹಗಲಲ್ಲಿ ಕಾಫಿ ಗಿಡದ ಸಂದಿಯಲ್ಲಿ ಅಟ್ಟಿಸಿಕೊಂಡು ಹೋದರೆ ಅರ್ಧವೂ ಸಿಗುವುದಿಲ್ಲ. ಮೊಟ್ಟೆ ಇಡುವವಕ್ಕೆ ಮೂರು ತಿಂಗಳಿಗೊಮ್ಮೆ ಲಸೋಟಾವನ್ನೇ ಮುಂದುವರಿಸಿ. ಹುಂಜ ಮತ್ತು ಇನ್ನೂ ಮೊಟ್ಟೆಗೆ ಬಾರದ ಯಾಟೆಗಳಿಗೆ ನಾಲ್ಕು ವಾರ ಬಿಟ್ಟು ಆರ್2ಬಿ ಹಾಕಬಹುದು.

ಮರಿಗಳ ಲಸಿಕೆಯಿಂದ ದೊಡ್ಡ ಕೋಳಿಗೆ ತೊಂದರೆ ಇಲ್ಲ. ಲಸಿಕೆಯ ವೈರಸ್ಸು ಅಕ್ಕಪಕ್ಕದ ಕೋಳಿಗೆ ಸ್ವಲ್ಪ ಹರಡುವುದುಂಟು, ಅದು ಸೌಮ್ಯವೇ. ಅದನ್ನೇ ನಂಬಿ ಕೆಲವಕ್ಕೆ ಹಾಕದೆ ಬಿಡುವುದು ಮಾತ್ರ ತಪ್ಪು. ನಿಜವಾದ ಅಪಾಯ ಇನ್ನೊಂದು ದಿಕ್ಕಿನಲ್ಲಿದೆ, ಅಂಗಳದ ಕೋಳಿಯಿಂದ ಮರಿಗೆ. ಬ್ರೂಡರ್ ಕೋಣೆಗೆ ಬೇರೆ ಚಪ್ಪಲಿ ಇಡಿ, ಮೊದಲು ಮರಿಗಳ ಕೆಲಸ ಮುಗಿಸಿ ಆಮೇಲೆ ದೊಡ್ಡ ಕೋಳಿಗಳ ಹತ್ತಿರ ಹೋಗಿ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ದೂರ ಕಟ್ಟಿ. ಕೈಲ್‌ಪೋದ್ ಹಬ್ಬಕ್ಕೆ, ಪುತ್ತರಿ ಹಬ್ಬಕ್ಕೆ ಅಂತ ಕೋಳಿ ಊರಿಂದೂರಿಗೆ ಓಡಾಡುವ ದಿನಗಳಲ್ಲಿ ಈ ನಿಯಮ ಮುರಿಯುವುದು ಹೆಚ್ಚು.

ಗಂಬೋರೋ ವಿಷಯ ಬಹಳ ಮುಖ್ಯ. ಮರಿಯ ಗುದದ್ವಾರದ ಮೇಲ್ಭಾಗದಲ್ಲಿ ಬರ್ಸಾ ಎಂಬ ಪುಟ್ಟ ಚೀಲದಂಥ ಅಂಗವಿದೆ. ಪ್ರತಿಕಾಯ ಮಾಡುವ ಕೋಶಗಳು ತಯಾರಾಗುವುದು ಅಲ್ಲೇ. ಗಂಬೋರೋ ವೈರಸ್ಸು ನೇರವಾಗಿ ಆ ಕೋಶಗಳನ್ನೇ ಕೊಲ್ಲುತ್ತದೆ, ಮುಖ್ಯವಾಗಿ 3ರಿಂದ 6 ವಾರದ ವಯಸ್ಸಿನಲ್ಲಿ. ಮೂರು ವಾರದೊಳಗೆ ತಗುಲಿದರೆ ಮರಿ ಸಾಯದೆ ಮೇಲ್ನೋಟಕ್ಕೆ ಚೆನ್ನಾಗಿಯೇ ಇರಬಹುದು. ಆದರೆ ಆಮೇಲೆ ಹಾಕುವ ಲಸೋಟಾ, ಆರ್2ಬಿ ಯಾವುದಕ್ಕೂ ಅದರ ಮೈ ಸರಿಯಾಗಿ ಸ್ಪಂದಿಸುವುದಿಲ್ಲ. "ಎಲ್ಲ ಲಸಿಕೆ ಹಾಕಿಸಿದ್ದೆವು, ಆದರೂ ಕೊಕ್ಕರೆ ರೋಗ ಬಂತು" ಎನ್ನುವ ಹಿಂಡುಗಳಲ್ಲಿ ಎಷ್ಟೋ ಸಲ ಮೂಲ ಇಲ್ಲಿರುತ್ತದೆ. ಎರಡು ಸಲ ಯಾಕೆಂದರೆ, ತಾಯಿಯ ಪ್ರತಿಕಾಯ ಎಲ್ಲ ಮರಿಯಲ್ಲೂ ಒಂದೇ ದಿನ ಇಳಿಯುವುದಿಲ್ಲ. 14ಕ್ಕೆ ಕೆಲವಕ್ಕೆ ಹತ್ತುತ್ತದೆ, 24ಕ್ಕೆ ಉಳಿದವಕ್ಕೆ. ನಡುವೆ ಕಾಲ ಹರಣ ಮಾಡಬೇಡಿ. ಈ ವೈರಸ್ಸು ನೆಲಕ್ಕೆ ಹಾಸಿದ ಹಳೇ ಹೊಟ್ಟಿನಲ್ಲಿ, ಗೋಡೆಯ ಬಿರುಕಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಹಿಂದಿನ ಬ್ಯಾಚಿನ ಹೊಟ್ಟಿನ ಮೇಲೆ ಹೊಸ ಮರಿ ಬಿಡಲೇಬಾರದು.

ಆರ್2ಬಿ ಹಾಕುವ ಕ್ರಮ: 100 ಡೋಸಿನ ಬಾಟಲಿಯನ್ನು 50 ಮಿ.ಲೀ. ತಣ್ಣಗಿನ ನಾರ್ಮಲ್ ಸಲೈನಿನಲ್ಲಿ ಕರಗಿಸಿ, ಒಂದಕ್ಕೆ 0.5 ಮಿ.ಲೀ., ರೆಕ್ಕೆಯ ಕೆಳಗೆ ಚರ್ಮದಡಿಗೆ. ಸಿರಿಂಜು, ಸೂಜಿಯನ್ನು ಕುದಿಸಿ ಆರಿಸಿ. ಸ್ಪಿರಿಟ್ ಹಚ್ಚಬೇಡಿ, ಒಂದು ಹನಿ ಉಳಿದರೂ ಲಸಿಕೆಯ ವೈರಸ್ಸು ಸಾಯುತ್ತದೆ. 25–30 ಕೋಳಿಗೊಮ್ಮೆ ಸೂಜಿ ಬದಲಿಸಿ. ಹಾಕಿ ಕೆಲವು ದಿನಕ್ಕೆ ಒಂದೆರಡು ಕೋಳಿ ಮಂಕಾಗುವುದು, ಕುಂಟುವುದು ಉಂಟು. ತೂಕ ಬಾರದ, ಸೀನುತ್ತಿರುವ, ಬೇಧಿ ಇರುವ ಕೋಳಿಗೆ ಆ ದಿನ ಬೇಡ, ಚೇತರಿಸಿಕೊಂಡಮೇಲೆ ಹಾಕಿ.

ಕರೆಂಟಿನ ಸಮಸ್ಯೆಗೆ ಒಳ್ಳೆಯ ಪರಿಹಾರ ಲಸಿಕೆಯನ್ನು ಮನೆಯಲ್ಲಿ ಶೇಖರಿಸದಿರುವುದೇ. ಪಶು ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ಮೊದಲೇ ಹೇಳಿಟ್ಟು, ಹಾಕುವ ದಿನ ಬೆಳಗ್ಗೆ ತನ್ನಿ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿನಲ್ಲಿ ಮುಕ್ಕಾಲು ಐಸ್ ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಡುವೆ ಇಡಿ. ಜೇಬಿನಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಂದ ಲಸಿಕೆ ಅರ್ಧ ಸತ್ತಿರುತ್ತದೆ. ಒಂದೆರಡು ದಿನ ಇಡಲೇಬೇಕಾದರೆ 2ರಿಂದ 8 ಡಿಗ್ರಿ ಇರುವ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ, ಬಾಗಿಲಲ್ಲಿ ಬೇಡ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಸಿಟ್ಟರೆ ಕರೆಂಟ್ ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಇನ್ನೊಂದು: ಎಣ್ಣೆ ಬೆರೆಸಿದ, ಕೊಂದ ವೈರಸ್ಸಿನ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಿತು, ಅದನ್ನು ಫ್ರೀಜರಿಗೆ ಹಾಕಬೇಡಿ.

ಬಿಸಿಲು ತಡೆಯುವ ತಳಿಗಳೂ ಇವೆ, ಆಸ್ಟ್ರೇಲಿಯಾದಲ್ಲಿ ಹಳ್ಳಿ ಕೋಳಿಗಳಿಗೆಂದೇ ರೂಪಿಸಿದ ಐ-2, ವಿ4 ಅಂಥವು. ಮೂರು ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೆ ಹನಿ. ಫ್ರಿಜ್ಜೇ ಇಲ್ಲದ ಲೈನ್‌ಮನೆ, ಹಾಡಿಗಳ ಕೋಳಿಗಳಿಗೆ ಇಂಥದ್ದೇ ಬೇಕು. ಸಿಗುತ್ತದೆಯೇ ಎಂದು ನಿಮ್ಮ ಪಶುವೈದ್ಯರಲ್ಲಿ ವಿಚಾರಿಸಿ.

ಕರಿಮೆಣಸುಬಳ್ಳಿ (ನಾಪೋಕ್ಲು):

ಸಿಡುಬಿನ ಲಸಿಕೆಯ ಬಗ್ಗೆ ಯಾರೂ ಬರೆದಿಲ್ಲ, ಅಷ್ಟನ್ನು ಸೇರಿಸುತ್ತೇನೆ. ನಮ್ಮಲ್ಲಿ ಮಳೆ ಬಿಟ್ಟು ಬಿಟ್ಟು ಬರುವಾಗ ಸೊಳ್ಳೆ ಏಳುತ್ತದಲ್ಲ, ಕೋಳಿ ಸಿಡುಬನ್ನು ಹೊತ್ತು ತರುವುದು ಅದೇ. ಜುಟ್ಟು, ಕಣ್ಣಿನ ಸುತ್ತ ಗಂಟುಗಂಟಾಗಿ ಹಕ್ಕಳೆ ಕಟ್ಟುವ ಒಣ ರೂಪ ಅಷ್ಟು ಕೊಲ್ಲುವುದಿಲ್ಲ. ಬಾಯಿ ಗಂಟಲೊಳಗೆ ಹಳದಿ ಪೊರೆ ಕಟ್ಟುವ ಹಸಿ ರೂಪ ಉಸಿರು ಕಟ್ಟಿಸಿ ಕೊಲ್ಲುತ್ತದೆ.

ಈ ಲಸಿಕೆ ಹಾಕುವುದು ರೆಕ್ಕೆಯ ಪೊರೆಗೆ. ಲಸಿಕೆಯ ಜೊತೆ ಎರಡು ಮೊನೆಯ ಸೂಜಿ ಬರುತ್ತದೆ. ರೆಕ್ಕೆ ಬಿಡಿಸಿ, ಮುಂಭಾಗದ ತೆಳು ಪೊರೆಯಲ್ಲಿ ಪುಕ್ಕ, ರಕ್ತನಾಳ, ಮೂಳೆ ಇಲ್ಲದ ಜಾಗ ನೋಡಿ, ಸೂಜಿಯನ್ನು ಲಸಿಕೆಯಲ್ಲಿ ಅದ್ದಿ ಕೆಳಗಿನಿಂದ ಆಚೆಗೆ ಬರುವಂತೆ ಒಂದು ಸಲ ಚುಚ್ಚಬೇಕು. ಪ್ರತಿ ಕೋಳಿಗೂ ಮತ್ತೆ ಅದ್ದಬೇಕು. ಪುಕ್ಕದ ಮೇಲೆ ಚುಚ್ಚಿದರೆ ಪುಕ್ಕವೇ ಲಸಿಕೆಯನ್ನು ಒರೆಸಿಕೊಂಡುಬಿಡುತ್ತದೆ. ಕಣ್ಣು, ಕೊಕ್ಕಿನ ಮೇಲೆ ಚೆಲ್ಲಿದರೆ ಅಲ್ಲೇ ಸಿಡುಬು ಏಳುತ್ತದೆ, ಜೋಪಾನ.

ಈ ಲಸಿಕೆಯ ಒಳ್ಳೆಯ ಗುಣವೆಂದರೆ, ಹತ್ತಿತೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು. 7ರಿಂದ 10 ದಿನಕ್ಕೆ ಹತ್ತು ಕೋಳಿ ಹಿಡಿದು ಚುಚ್ಚಿದ ಜಾಗ ನೋಡಿ. ಒಂಬತ್ತರಲ್ಲಾದರೂ ಸಣ್ಣ ಗಂಟು ಅಥವಾ ಹಕ್ಕಳೆ ಇರಬೇಕು. ಏನೂ ಕಾಣದಿದ್ದರೆ ಲಸಿಕೆ ಸತ್ತಿತ್ತು, ಇಲ್ಲವೇ ಸೂಜಿ ಪೊರೆಯಲ್ಲಿ ಸರಿಯಾಗಿ ಇಳಿದಿಲ್ಲ, ಮತ್ತೆ ಹಾಕಬೇಕು. ಸಿಡುಬು ಹಿಂಡಿನಲ್ಲಿ ನಿಧಾನವಾಗಿ ಹರಡುವುದರಿಂದ, ಒಂದೆರಡು ಕೋಳಿಗೆ ಬಂದ ಕೂಡಲೇ ಉಳಿದವಕ್ಕೆ ಹಾಕಿದರೂ ಲಾಭವಿದೆ. ಆರ್2ಬಿಗೂ ಇದಕ್ಕೂ ಕನಿಷ್ಠ ಒಂದು ವಾರ ಅಂತರ ಕೊಡಿ.

ಕಾವುಗೂಡು:

"ಹಾಕಿಸಿದರೂ ಅಷ್ಟೇ" ಎಂಬ ಮಾತಿಗೆ ಉತ್ತರ ಬಾಕಿ ಇತ್ತು. ಗಂಬೋರೋ, ಕ್ಲೋರಿನ್, ಫ್ಲಾಸ್ಕು ಎಲ್ಲ ಮೇಲೆ ಬಂದವು, ಉಳಿದದ್ದು ಇವು.

ರೋಗ ಆಗಲೇ ಮೈಯಲ್ಲಿ ಹೊಕ್ಕಿರುವಾಗ ಲಸಿಕೆ ಹಾಕುವುದು. ವೈರಸ್ಸು ಹೊಕ್ಕು ಲಕ್ಷಣ ಕಾಣಲು ಸಾಮಾನ್ಯವಾಗಿ 5–6 ದಿನ, ಕೆಲವೊಮ್ಮೆ ಎರಡು ವಾರ. ಪಕ್ಕದ ಮನೆಯಲ್ಲಿ ಕೋಳಿ ಸಾಯಲು ಶುರುವಾದಮೇಲೆ ಓಡಿಹೋಗಿ ಹಾಕಿಸಿದರೆ ಮೂರನೇ ದಿನ ಸಾಯುವ ಕೋಳಿ ಲಸಿಕೆಯಿಂದ ಸತ್ತದ್ದಲ್ಲ. ಆದರೂ ಅಂಥ ಹೊತ್ತಿನಲ್ಲಿ ಲಕ್ಷಣ ಇಲ್ಲದವಕ್ಕೆ ಲಸೋಟಾ ಕಣ್ಣಿಗೆ ಹಾಕುವುದು ಒಳ್ಳೆಯದೇ, ದೂರದ ಗೂಡಿನಿಂದ ಶುರು ಮಾಡಿ ರೋಗ ಬಂದ ಗೂಡಿನ ಕಡೆಗೆ ಬನ್ನಿ. ಚುಚ್ಚುಮದ್ದು ಮಾತ್ರ ಆಗ ಬೇಡ, ಸೂಜಿಯೇ ರೋಗವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಇನ್ನೊಂದು ನಮ್ಮ ಜಿಲ್ಲೆಯದೇ ಕಾಯಿಲೆ, ಬೂಷ್ಟು ಹಿಡಿದ ಮೇವು. ಮಳೆಗಾಲದಲ್ಲಿ ಮೆಕ್ಕೆಜೋಳ ತೇವ ಹೀರಿ ಶೇ. 14 ದಾಟಿದರೆ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಯಕೃತ್ತನ್ನೂ ಪ್ರತಿರೋಧ ಶಕ್ತಿಯನ್ನೂ ಕುಗ್ಗಿಸುತ್ತದೆ, ಕೋಳಿ ಸಾಯದಿದ್ದರೂ ಲಸಿಕೆ ಹತ್ತುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕಾಗುವಷ್ಟು ಮೇವನ್ನೇ ತನ್ನಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಮೇವನ್ನು ಒಣಗಿಸಿ ಹಾಕುವುದು ಬೇಡ, ಒಣಗಿಸಿದರೆ ವಿಷ ಹೋಗುವುದಿಲ್ಲ.

ಮತ್ತೆ, ಸತ್ತದ್ದೆಲ್ಲ ಕೊಕ್ಕರೆ ರೋಗವೂ ಅಲ್ಲ. ಹಸಿರು ಬೇಧಿ ಕೋಳಿ ಕಾಲರಾದಲ್ಲೂ ಬರುತ್ತದೆ, ಅದು ಬ್ಯಾಕ್ಟೀರಿಯಾದ್ದು, ಈ ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ. ಬಾಯಿ ತೆರೆದು ಏದುಸಿರು, ಹಸಿರು ಬೇಧಿ, ಜೊತೆಗೆ ಕತ್ತು ತಿರುಚುವುದು, ಕಾಲು ಬೀಳುವುದು ಕಂಡರೆ ರಾಣಿಖೇತ್ ಸಂಶಯ ಬಲವಾಗುತ್ತದೆ. ಆಗ ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ಅಂದೇ ಪಶು ಆಸ್ಪತ್ರೆಗೆ ಮುಟ್ಟಿಸಿ. ಜುಟ್ಟು ನೀಲಿಗಟ್ಟಿ, ಮುಖ ಊದಿಕೊಂಡು ಒಂದೇ ದಿನ ಹತ್ತಾರು ಸತ್ತರೆ ಮುಟ್ಟಲೂ ಬೇಡಿ, ಕೊಯ್ಯಲೂ ಬೇಡಿ, ಹಕ್ಕಿಜ್ವರದ ಸಂಶಯದಲ್ಲಿ ಪಶುವೈದ್ಯರಿಗೆ ತಕ್ಷಣ ಫೋನ್ ಮಾಡಿ. ರೋಗದಿಂದ ಸತ್ತ ಕೋಳಿಯನ್ನು ತೋಡಿಗೋ ಹೊಳೆಗೋ ಎಸೆಯುವುದು ಕೆಳಗಿನ ಊರಿಗೆಲ್ಲ ರೋಗ ಕಳಿಸಿದಂತೆ. ಬಾವಿಯಿಂದ ದೂರ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಲಸಿಕೆ ನಿಜಕ್ಕೂ ಹತ್ತಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯೂ ಇದೆ, ಎಚ್‌ಐ ಪರೀಕ್ಷೆ ಅನ್ನುತ್ತಾರೆ. ಲಸಿಕೆ ಹಾಕಿ ಮೂರು ವಾರಕ್ಕೆ ಹತ್ತು ಕೋಳಿಯ ರಕ್ತ ತೆಗೆಸಿ, ಪಶುವೈದ್ಯರ ಮೂಲಕ ಪ್ರಯೋಗಾಲಯಕ್ಕೆ ಕಳಿಸಬಹುದು. ನೂರು ಕೋಳಿಗೆ ಅದು ದುಬಾರಿ ಅನಿಸಿದರೆ, ಊರಿನ ನಾಲ್ಕೈದು ಮನೆಯವರು ಸೇರಿ ಮಾಡಿಸಿ.

ಏಲಕ್ಕಿಮಲೆ:

ಗಂಬೋರೋ 100 ಡೋಸಿನದು ಇಲ್ಲಿ ಸಿಗುತ್ತಿಲ್ಲ, 500ರದೇ ಇದೆ ಅಂದರು. ಬಾಟಲಿಯಲ್ಲಿ ಕಾಲುಭಾಗ ಬಳಸಿ ಉಳಿದದ್ದನ್ನು 24ನೇ ದಿನಕ್ಕೆ ಇಟ್ಟುಕೊಳ್ಳಬಹುದೇ?

ತೋಡುಗದ್ದೆ:

ಆಗುವುದಿಲ್ಲ ಅಣ್ಣ. ಮುಚ್ಚಳಕ್ಕೆ ಸೂಜಿ ಚುಚ್ಚಿದ ಕ್ಷಣದಿಂದ ಎರಡು ಗಂಟೆಯೇ ಅದರ ಆಯುಷ್ಯ, ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ. ಒಣಪುಡಿಯನ್ನು ಅರ್ಧ ಕಾಲು ಅಂತ ಪಾಲು ಮಾಡಲೂ ಬರುವುದಿಲ್ಲ. 500 ಡೋಸಿಗೆ 15 ಮಿ.ಲೀ. ದ್ರಾವಣ ಹಾಕಿ, ನಿಮ್ಮ ಮರಿಗಳಿಗೆ ತಲಾ ಒಂದೇ ಹನಿ ಹಾಕಿ. ಉಳಿದದ್ದನ್ನು ಹೆಚ್ಚು ಹಾಕಿದರೆ ಒಳ್ಳೆಯದು ಅಂತ ಐದೈದು ಹನಿ ಹಾಕಬೇಡಿ, ಆ ಲಸಿಕೆಯೇ ಎಳೆಯ ಬರ್ಸಾಕ್ಕೆ ಭಾರವಾಗುತ್ತದೆ. ಅಕ್ಕಪಕ್ಕದಲ್ಲಿ ಅದೇ ವಾರ ಮರಿ ತಂದವರಿದ್ದರೆ ಮೊದಲೇ ಮಾತಾಡಿಕೊಂಡು ಒಂದೇ ಬೆಳಗ್ಗೆ ಹಂಚಿಕೊಳ್ಳಿ. ಪಶು ಆಸ್ಪತ್ರೆಯಲ್ಲಿ ಹೇಳಿಟ್ಟರೆ ಅವರೇ ಹಾಗೆ ಜೋಡಿಸಿಕೊಡುವುದೂ ಉಂಟು.

ಉಳಿದ ಲಸಿಕೆಯನ್ನು ಬಾಟಲಿ ಸಮೇತ ಅರ್ಧ ಗಂಟೆ ಕುದಿಸಿ ಹೂಳಿ, ಗೂಡಿನ ಹತ್ತಿರ ಎಸೆಯಬೇಡಿ. ಲಸೋಟಾ, ಎಫ್1 ಹಾಕುವಾಗ ನಿಮ್ಮ ಕಣ್ಣು ಉಜ್ಜಿಕೊಳ್ಳಬೇಡಿ, ಆ ವೈರಸ್ಸು ಮನುಷ್ಯರಿಗೂ ಕೆಲವು ದಿನ ಕಣ್ಣು ಕೆಂಪಾಗಿಸುತ್ತದೆ. ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ. ಬಾಟಲಿಯ ಮೇಲಿನ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ, ಹಾಕಿದ ತಾರೀಖನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ಏನಾದರೂ ಎಡವಟ್ಟಾದರೆ ಪಶುವೈದ್ಯರು ಮೊದಲು ಕೇಳುವುದು ಅದನ್ನೇ.